ಮೂರಕ್ಕೆ ಒಗ್ಗದ ಸಂಖ್ಯೆ

ಪತ್ತೇದಾರಮ್ಮ ಹಿತ್ತಾಳೆ ಚಕ್ರದ ಒಂದು ಹಲ್ಲಿಗೆ ಕೆಂಪು ದಾರ ಕಟ್ಟಿ, ಅಲ್ಲಿಂದ ಒಂದೊಂದೇ ಹಲ್ಲನ್ನು ಸೂಜಿಯ ಮೊನೆಯಲ್ಲಿ ಮುಟ್ಟುತ್ತ ಬಂದಳು. ದಾರದ ಹತ್ತಿರ ವಾಪಸು ಬಂದಾಗ ಲೆಕ್ಕ ಐವತ್ತೊಂದಕ್ಕೆ ನಿಂತಿತು. ಖಾತ್ರಿಗೆಂದು ಉಲ್ಟಾ ದಿಕ್ಕಿನಿಂದಲೂ ಎಣಿಸಿದಳು. ಐವತ್ತೊಂದೇ.

ಮೇಜಿನ ಆಚೆ ಕೂತಿದ್ದ ವಸ್ತುಸಂಗ್ರಹಾಲಯದ ಮುಖ್ಯಸ್ಥರಿಗೆ ಇದು ಹೊತ್ತು ಕಳೆಯುವ ಆಟದಂತೆ ಕಂಡಿರಬೇಕು. ಅವರು ಮತ್ತೆ ಮತ್ತೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಗ್ರಹಯಂತ್ರದ ಚಕ್ರ ಕಾಣೆಯಾದಾಗಿನಿಂದ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಚಕ್ರ, ಅಂದರೆ ಈಗ ಮೇಜಿನ ಮೇಲಿದ್ದದ್ದು, ಯಂತ್ರ ನೋಡಿಕೊಳ್ಳುವ ಹೆಂಗಸಿನ ಉಪಕರಣದ ಚೀಲದಲ್ಲೇ ಸಿಕ್ಕಿತ್ತು. ಸಂಜೆ ಸಮಿತಿ ಸೇರುತ್ತದೆ, ಅವಳ ಕೆಲಸ ಹೋಗುತ್ತದೆ, ಅವಳನ್ನು ಪೊಲೀಸರ ಕೈಗೆ ಒಪ್ಪಿಸುತ್ತಾರೆ.

ಅಲ್ಲಿ ಎಲ್ಲರೂ ಅವಳನ್ನು ಸೊಸೆ ಎಂದೇ ಕರೆಯುತ್ತಿದ್ದರು. ಯಂತ್ರವನ್ನು ಕೈಯಾರೆ ಕಟ್ಟಿದ ಹಿರಿಯ ಕುಶಲಕರ್ಮಿಯ ಸೊಸೆ ಆಕೆ. ಗಂಡ ತೀರಿಕೊಂಡ ಮೇಲೆ ಮಾವನ ಪಕ್ಕದಲ್ಲಿ ನಿಂತು ಲೋಹ ಉಜ್ಜುವ ಅರ ಹಿಡಿದವಳು, ಈಗ ಮಾವನ ಕಣ್ಣು ಮಂಜಾದ ಮೇಲೆ ಅವರ ಕಣ್ಣೂ ಅವಳೇ. ದಿನಾ ಬೆಳಿಗ್ಗೆ ಬಾಗಿಲು ತೆರೆದು ಯಂತ್ರದ ಹಿಡಿಯನ್ನು ಒಂದೇ ಒಂದು ಸುತ್ತು ತಿರುಗಿಸುವುದು ಅವಳ ಕೆಲಸ. ಒಂದು ಸುತ್ತು ಅಂದರೆ ಒಂದು ದಿನ. ಆಗ ಮೇಲಿನ ಹಿತ್ತಾಳೆ ಗೋಳಗಳು ಆಕಾಶದ ಗ್ರಹಗಳಷ್ಟೇ ಜರುಗಬೇಕು, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

“ನನಗೆ ಆ ಹುಡುಗಿ ಕದ್ದಳು ಅಂದ್ರೆ ಮನಸ್ಸು ಒಪ್ಪಲ್ಲ, ಆದ್ರೆ ಇದು ನಮ್ಮಪ್ಪನ ಚಕ್ರಾನೇ ಅಂತ ಅವಳ ಮೈದುನನೇ ಬರೆದುಕೊಟ್ಟಿದ್ದಾನೆ. ಅವಳು ನೋಡಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾಳೆ. ನಾನೇನು ಮಾಡ್ಲಿ ಹೇಳಿ?” ಎಂದರು ಮುಖ್ಯಸ್ಥರು.

ಮಾವನಿಗೆ ವಿಷಯ ತಿಳಿಸಿದ್ದೀರಾ ಎಂದು ಪತ್ತೇದಾರಮ್ಮ ಕೇಳಿದಳು. ಅಯ್ಯೋ ಬೇಡಿ, ಆ ವಯಸ್ಸಿನಲ್ಲಿ ಎದೆ ಒಡೆದುಕೊಂಡಾರು ಎಂದು ಅವರು ಕೈಮುಗಿದರು. ಯಂತ್ರ ತೊಳೆಯಲು ಬಿಚ್ಚಿದ್ದೇವೆ ಎಂದಷ್ಟೇ ಹೇಳಿದ್ದರಂತೆ. ನಾಳೆ ದೂರದಿಂದ ವಿದ್ವಾಂಸರು ಬಂದು ಯಂತ್ರಕ್ಕೆ ಮೋಟಾರು ಕಟ್ಟಿ, ವರ್ಷಗಟ್ಟಲೆ ಆಗುವ ಓಟವನ್ನು ಒಂದೇ ದಿನದಲ್ಲಿ ಓಡಿಸಿ ಪರೀಕ್ಷೆ ಮಾಡುವವರಿದ್ದರು. ಲೆಕ್ಕ ಸರಿಹೋದರೆ ಮುದುಕರಿಗೆ ದೊಡ್ಡ ಸನ್ಮಾನ. ಈಗ ಚಕ್ರ ಕೂರಿಸಲು ಬರುವವಳೇ ಒಳಗೆ ಬಂದಿ.

ಅವಳು ಸುಮ್ಮನೆ ಕೂತಿದ್ದಾಳೆ ಎಂಬ ಮಾತು ಪತ್ತೇದಾರಮ್ಮನ ಮನಸ್ಸಿಗೆ ಮುಳ್ಳಿನಂತೆ ನೆಟ್ಟಿತು. ಹಲ್ಲು ಎಣಿಸುವುದನ್ನು ಊಟದಷ್ಟು ಸಲೀಸಾಗಿ ಕಲಿತ ಹೆಣ್ಣು, ತನ್ನ ತಲೆಗೆ ಬಂದಾಗ ಹಲ್ಲಿನ ಸುದ್ದಿಯನ್ನೇ ಎತ್ತುವುದಿಲ್ಲ ಅಂದರೆ?

ಅದನ್ನು ಸದ್ಯಕ್ಕೆ ಬದಿಗಿಟ್ಟು ಆಕೆ ಸಭಾಂಗಣಕ್ಕೆ ನಡೆದಳು.

ಅಲ್ಲಿ ಊಟದ ಡಬ್ಬಿ ಹಿಡಿದು ಬೆಂಚಿನ ಮೇಲೆ ಮೇಷ್ಟ್ರು ಕಾಯುತ್ತಿದ್ದರು. ಮೇಷ್ಟ್ರೆಂದರೆ ಆಕೆಯ ಗಂಡ. ಗಣಿತ ಕಲಿಸಿ ನಿವೃತ್ತರಾದವರು, ಹೆಂಡತಿ ಊಟ ಮರೆಯುತ್ತಾಳೆಂದು ಬಸ್ಸು ಹತ್ತಿ ಬಂದಿದ್ದರು. ಡಬ್ಬಿ ಕೊಡುವುದನ್ನು ಮಾತ್ರ ಮರೆತು, ಯಂತ್ರದ ಬುಡದಲ್ಲಿದ್ದ ಹಿತ್ತಾಳೆ ಫಲಕವನ್ನೇ ನೋಡುತ್ತ ಕೂತಿದ್ದರು. ಫಲಕದಲ್ಲಿ ಮುದುಕರ ಹೆಸರು, ಅದರ ಕೆಳಗೆ ಒಂದು ಸಂಖ್ಯೆ: 10,759. ಶನಿಗ್ರಹ ಸೂರ್ಯನ ಸುತ್ತ ಒಂದು ಸಲ ಬರಲು ಹಿಡಿಯುವ ದಿನಗಳು, ಪೂರ್ಣಾಂಕದಲ್ಲಿ.

“ಇದರ ಜಾತಕ ಬರೀಲೇನೇ?” ಎಂದರು ಮೇಷ್ಟ್ರು.

ಹೊಟ್ಟೆ ಹಸಿದಿದೆ, ಮೊದಲು ಡಬ್ಬಿ ಈಚೆ ಕೊಡಿ ಎಂದು ಆಕೆ ಗದರಿದಳು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಜಾತಕ ಶುರುವಾಗಿತ್ತು. ಮೇಷ್ಟ್ರಿಗೆ ಸಂಖ್ಯೆಗಳೆಲ್ಲ ನೆಂಟರಿದ್ದಂತೆ, ಯಾರು ಯಾವ ಕಡೆಯವರು ಎಂದು ಗುರುತಿಸದಿದ್ದರೆ ಅವರಿಗೆ ನಿದ್ದೆ ಬಾರದು. ಇದು ಬೆಸ ಸಂಖ್ಯೆ ಎಂದರು. ವರ್ಗ ಸಂಖ್ಯೆಯಲ್ಲ, ನೂರಮೂರರ ವರ್ಗಕ್ಕೂ ನೂರನಾಲ್ಕರ ವರ್ಗಕ್ಕೂ ನಡುವೆ ಸಿಕ್ಕಿಕೊಂಡಿದೆ. ನೋಡಲು ಯಾರಿಗೂ ಮಣಿಯದ ಅವಿಭಾಜ್ಯದಂತೆ ಬಿಗುಮಾನ ಮಾಡುತ್ತದೆ, ಆದರೆ ಒಳಗೆ ಮೂರು ಬೇರೆಬೇರೆ ಅವಿಭಾಜ್ಯಗಳ ಗುಣಲಬ್ಧ. ಅಂಥದ್ದಕ್ಕೆ ಒಂದನ್ನೂ ತನ್ನನ್ನೂ ಸೇರಿಸಿ ಎಂಟೇ ಎಂಟು ಭಾಜಕಗಳು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ ಎರಡು ಸಾವಿರ ಚಿಲ್ಲರೆ ಮಾತ್ರ ಆಗುತ್ತದೆ, ತನ್ನ ಕಾಲುಭಾಗದಷ್ಟೂ ಇಲ್ಲ. ಹಾಗೆ ಕಡಿಮೆ ಬೀಳುವವನ್ನು ಕೊರತೆಯ ಸಂಖ್ಯೆ ಅನ್ನುತ್ತಾರೆ.

“ನಿಮ್ಮ ಹಾಗೆ. ಹೊರಗೆ ಠೀವಿ, ಒಳಗೆ ಕೊರತೆ,” ಎಂದಳು ಪತ್ತೇದಾರಮ್ಮ, ಬಾಯಲ್ಲಿ ಅನ್ನ ಇಟ್ಟುಕೊಂಡೇ.

ಮೇಷ್ಟ್ರು ನಕ್ಕು, ಆ ಮೂರು ಯಾವುವೆಂದು ಹೇಳಿದರು: ಏಳು, ಇಪ್ಪತ್ತೊಂಬತ್ತು, ಐವತ್ತಮೂರು.

ಆಕೆಯ ಕೈ ಡಬ್ಬಿಯಲ್ಲೇ ನಿಂತಿತು. ಎದ್ದುಹೋಗಿ ಯಂತ್ರದ ತೆರೆದ ಹೊಟ್ಟೆಯೊಳಗೆ ಬಗ್ಗಿದಳು. ಶನಿಯ ಸಾಲಿನಲ್ಲಿ ಇರಬೇಕಾದ್ದು ಮೂರೇ ಚಕ್ರ. ಹಿಡಿ ಒಂದು ಸುತ್ತು ಬಂದರೆ ಮೊದಲ ಚಕ್ರ ಒಂದು ಹಲ್ಲು ಜರುಗುತ್ತದೆ, ಅದು ಒಂದು ಪೂರ್ತಿ ಸುತ್ತು ಬಂದಾಗ ಎರಡನೆಯದು ಒಂದು ಹಲ್ಲು, ಎರಡನೆಯದು ಸುತ್ತು ಬಂದಾಗ ಮೂರನೆಯದು ಒಂದು ಹಲ್ಲು. ಹಾಗಾಗಿ ಮೂರು ಚಕ್ರಗಳ ಹಲ್ಲುಗಳನ್ನು ಗುಣಿಸಿದರೆ ಫಲಕದ ಸಂಖ್ಯೆಯೇ ಬರಬೇಕು. ಮೊದಲ ಚಕ್ರದ ಜಾಗ ಖಾಲಿಯಿತ್ತು. ಉಳಿದ ಎರಡನ್ನು ಎಣಿಸಿದಳು. ಒಂದಕ್ಕೆ ಇಪ್ಪತ್ತೊಂಬತ್ತು ಹಲ್ಲು, ಇನ್ನೊಂದಕ್ಕೆ ಏಳು.

“ರೀ, ಇಲ್ಲಿ ಐವತ್ತೊಂದು ಹಲ್ಲಿನ ಚಕ್ರ ಕೂರಕ್ಕೆ ಸಾಧ್ಯಾನಾ?”

“ಛೆ ಛೆ. ಐವತ್ತೊಂದು ಅಂದ್ರೆ ಮೂರು ಹದಿನೇಳ್ಲಿ. ಫಲಕದ ಅಂಕಿಗಳನ್ನ ಕೂಡಿ ನೋಡು, ಇಪ್ಪತ್ತೆರಡು ಬರುತ್ತೆ. ಇಪ್ಪತ್ತೆರಡು ಮೂರರಿಂದ ಭಾಗ ಆಗಲ್ಲ, ಅಂದ್ಮೇಲೆ ಆ ಸಂಖ್ಯೆನೂ ಆಗಲ್ಲ. ಮೂರಕ್ಕೂ ಅದಕ್ಕೂ ಒಗ್ಗಲ್ಲ ಕಣೇ, ಹುಟ್ಟಿನಿಂದಾನೇ.”

ಅಂದರೆ ಚೀಲದಲ್ಲಿ ಸಿಕ್ಕ ಚಕ್ರ ಈ ಯಂತ್ರದ್ದೇ ಅಲ್ಲ. ಯಾರೋ ಕಡಿದು ಚೀಲಕ್ಕೆ ಹಾಕಿದ್ದಾರೆ.

ಆಕೆಗೆ ಗಂಡನ ಮೇಲೆ ಒಮ್ಮೆಲೇ ಎಷ್ಟು ಪ್ರೀತಿ ಬಂತೆಂದರೆ ಕಣ್ಣು ತುಂಬಿತು. ಪೊಲೀಸ್ ಕೆಲಸದಲ್ಲಿ ಬೆನ್ನುಮೂಳೆ ಮುರಿದುಕೊಂಡು ಮನೆಯಲ್ಲಿ ಮಲಗಿದ ದಿನಗಳಲ್ಲಿ ಇದೇ ಮನುಷ್ಯ ಮಂಚದ ಪಕ್ಕ ಕೂತು ಪತ್ರಿಕೆಯ ಅಪರಾಧ ಸುದ್ದಿ ಓದುತ್ತಿದ್ದರು. ಯಾರು ಮಾಡಿರಬಹುದು ಹೇಳು ಅಂತ ದಿನಾ ಪೀಡಿಸುತ್ತಿದ್ದರು. ಉತ್ತರ ಹೇಳುವ ಹಟಕ್ಕೇ ಆಕೆ ಎದ್ದು ಕೂತದ್ದು, ಆಮೇಲೆ ನಡೆದದ್ದು, ಆಮೇಲೆ ಊರೆಲ್ಲ ಪತ್ತೇದಾರಮ್ಮ ಎಂದು ಕರೆಯುವಂತಾದದ್ದು.

“ನಿಮ್ಮನ್ನ ಕಟ್ಟಿಕೊಂಡಿದ್ದು ಸಾರ್ಥಕ ಆಯ್ತು,” ಎಂದಳು. ಈ ಮಾತನ್ನು ಮೊದಲೇ ಯಾವತ್ತಾದರೂ ಹೇಳಬೇಕಿತ್ತು ಎಂದು ಅವಳಿಗೆ ಅನ್ನಿಸಿತು. ಮೇಷ್ಟ್ರು ಡಬ್ಬಿಯ ಮುಚ್ಚಳ ಹುಡುಕತೊಡಗಿದರು.

ಮೈದುನನ ಅಂಗಡಿ ಎರಡು ಬೀದಿಯಾಚೆ. ಮುದುಕರ ಕಿರಿಯ ಮಗ ಅವನು, ಹೊಲಿಗೆ ಯಂತ್ರ, ಮುದ್ರಣ ಯಂತ್ರಗಳ ರಿಪೇರಿಯವನು. ಮಾತಿನಮಲ್ಲ. ಪತ್ತೇದಾರಮ್ಮ ಒಳಗೆ ಕಾಲಿಟ್ಟದ್ದೇ ಸ್ಟೂಲು ಒರೆಸಿ ಕೂರಿಸಿದ. ಅತ್ತಿಗೆಗೆ ಹೀಗಾಯಿತಲ್ಲ ಎಂದು ಮೂರು ಸಲ ನಿಟ್ಟುಸಿರು ಬಿಟ್ಟ. ಆಕೆ ಹೂಂ ಹೂಂ ಎನ್ನುತ್ತ ಗೋಡೆ ನೋಡುತ್ತಿದ್ದಳು.

ಚಕ್ರ ಕಡಿಯುವ ಯಂತ್ರದ ಪಕ್ಕದಲ್ಲಿ ಒಂದು ಉಕ್ಕಿನ ತಟ್ಟೆ ತೂಗುಹಾಕಿತ್ತು. ಅದರ ಮೇಲೆ ಒಂದರೊಳಗೊಂದು ಸುತ್ತುಗಳು, ಸುತ್ತಿನ ಉದ್ದಕ್ಕೂ ತೂತುಗಳು, ಪ್ರತಿ ಸುತ್ತಿನ ಪಕ್ಕ ಅದರ ತೂತುಗಳ ಸಂಖ್ಯೆ. ಇದೇನೆಂದು ಆಕೆ ಅಮಾಯಕಳಂತೆ ಕೇಳಿದಳು. ಅವನಿಗೆ ಹುರುಪು ಬಂತು. ಭಾಗ ಮಾಡುವ ತಟ್ಟೆ ಎಂದ. ದುಂಡನೆಯ ಹಿತ್ತಾಳೆಯನ್ನು ಸರಿಸಮ ಹಲ್ಲುಗಳಾಗಿ ಹಂಚಬೇಕಲ್ಲ, ಕಣ್ಣಳತೆಯಲ್ಲಿ ಆಗುತ್ತದೆಯೇ? ಒಂದು ಹಲ್ಲು ಕಡಿದ ಮೇಲೆ ಮೊಳೆಯನ್ನು ಮುಂದಿನ ತೂತಿಗೆ ಸಿಕ್ಕಿಸಿ ಇನ್ನೊಂದು ಕಡಿಯುವುದು. ಅಂಗಡಿಯಲ್ಲಿ ಸಿಗುವ ತಟ್ಟೆ, ಎಲ್ಲರ ಹತ್ತಿರವೂ ಇರುತ್ತದೆ.

“ಇದರಲ್ಲಿ ಯಾವ ಲೆಕ್ಕದ ಚಕ್ರ ಬೇಕಾದ್ರೂ ಬರುತ್ತಾ?”

“ಬರದೆ ಏನು? ಈಗ ಈ ಹದಿನೇಳರ ಸುತ್ತು ಹಿಡೀರಿ. ಹದಿನೇಳು ಹಲ್ಲು ಬರುತ್ತೆ, ನಡುವೆ ಅರ್ಧ ಮಾಡಿದ್ರೆ ಮೂವತ್ತನಾಲ್ಕು, ಮೂರು ಪಾಲು ಮಾಡಿದ್ರೆ ಐವತ್ತೊಂ…”

ಅವನು ನಾಲಿಗೆ ಕಚ್ಚಿಕೊಂಡ.

“ಐವತ್ತೊಂದು. ಹೇಳಿ, ಪರವಾಗಿಲ್ಲ. ಐವತ್ತಮೂರು ಬರುತ್ತಾ?” ಎಂದಳು ಪತ್ತೇದಾರಮ್ಮ.

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವನು ತಟ್ಟೆಯನ್ನು ಗೋಡೆಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ.

“ಅದು ಯಾವುದರಿಂದಲೂ ಒಡೆಯಲ್ಲ. ಅದಕ್ಕೆ ಅದರದ್ದೇ ತಟ್ಟೆ ಬೇಕು. ಅಪ್ಪ ಕೈಯಲ್ಲೇ ಮಾಡಿಕೊಂಡಿದ್ರು. ಈಗ ಬೀಗ ಹಾಕಿರೋ ಕಾರ್ಯಾಗಾರದಲ್ಲಿದೆ.”

ಪತ್ತೇದಾರಮ್ಮ ತನ್ನ ಚೀಲದಿಂದ ಐವತ್ತೊಂದು ಹಲ್ಲಿನ ಚಕ್ರ ತೆಗೆದು ಅವನ ಮುಂದಿಟ್ಟಳು. ದನಿ ಏರಿಸಲಿಲ್ಲ. ಫಲಕದ ಸಂಖ್ಯೆಗೂ ಈ ಚಕ್ರಕ್ಕೂ ಹೊಂದಾಣಿಕೆಯೇ ಇಲ್ಲ, ನಿಮ್ಮ ತಂದೆ ಇದನ್ನು ಆ ಯಂತ್ರಕ್ಕೆ ಕಡಿದಿರಲು ಸಾಧ್ಯವಿಲ್ಲ, ಆದರೂ ಇದು ಅವರ ಕೈಕೆಲಸ ಎಂದು ರುಜು ಹಾಕಿದವರು ನೀವು ಎಂದಳು. ಐವತ್ತಮೂರಕ್ಕೆ ಹತ್ತಿರದ್ದು, ನಿಮ್ಮ ತಟ್ಟೆಯಲ್ಲಿ ಸಲೀಸಾಗಿ ಬರುವಂಥದ್ದು ಇದು. ಎರಡು ಹಲ್ಲಿನ ವ್ಯತ್ಯಾಸ ಯಾರು ಎಣಿಸುತ್ತಾರೆ ಎಂದುಕೊಂಡಿರಿ, ಅಲ್ಲವೇ?

ಅವನು ತಟ್ಟೆಯನ್ನು ಚಕ್ರದ ಪಕ್ಕದಲ್ಲಿ ಇಟ್ಟ. ಆಮೇಲೆ ನಿಧಾನವಾಗಿ ಎಲ್ಲ ಹೊರಗೆ ಬಂತು. ಅಪ್ಪ ತನಗೆ ತಾಳ್ಮೆಯಿಲ್ಲ ಎಂದು ಬೈದು ಅಟ್ಟಿದ್ದು, ಮನೆಗೆ ಬಂದ ಸೊಸೆಗೆ ಅರದ ಪೆಟ್ಟಿಗೆ ಕೊಟ್ಟದ್ದು, ಅವಳು ಕಡಿದ ಮೊದಲ ಚಕ್ರವನ್ನು ಬಂದವರಿಗೆಲ್ಲ ತೋರಿಸಿದ್ದು. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡೇ ಬದುಕಿದೆ ಎಂದ.

“ಆದ್ರೆ ನಿಜವಾದ ಚಕ್ರ ನಾನು ಮುಟ್ಟಿಲ್ಲ. ಅದು ಕಾಣೆಯಾಗಿದೆ ಅಂತ ಗೊತ್ತಾಯ್ತು, ಸಿಕ್ಕಿದ್ದೇ ಸಮಯ ಅಂತ ಇದನ್ನ ಕಡಿದು ಅವಳ ಚೀಲಕ್ಕೆ ಹಾಕಿದೆ. ಅಷ್ಟೇ ನನ್ನ ಪಾಪ.”

ಅವನನ್ನು ನಂಬಲು ಪತ್ತೇದಾರಮ್ಮನಿಗೆ ಆಣೆ ಪ್ರಮಾಣ ಬೇಕಿರಲಿಲ್ಲ. ನಿಜವಾದ ಚಕ್ರ ಕೈಯಲ್ಲಿದ್ದವನು ಅದನ್ನೇ ಚೀಲಕ್ಕೆ ಹಾಕುತ್ತಿದ್ದ. ನಕಲಿ ಕಡಿಯುವ ಕಷ್ಟ ಯಾಕೆ ತೆಗೆದುಕೊಂಡಾನು?

ತಪ್ಪೊಪ್ಪಿಗೆಯನ್ನು ಅವನೇ ಬರೆದು ಕೊಟ್ಟ. ಕೊಡುವಾಗ, ನೀವು ಕೂಗಾಡದೆ ಕೇಳಿದಿರಿ, ಅದೊಂದು ಉಪಕಾರ ಎಂದ. ಆಕೆಗೆ ಅವನ ಮೇಲೆ ಸಿಟ್ಟಿಗಿಂತ ಅಯ್ಯೋ ಪಾಪ ಎನ್ನಿಸಿತು.

ಮುಖ್ಯಸ್ಥರು ಅದನ್ನು ಓದಿದಾಗ ಅವರ ಮುಖಕ್ಕೆ ರಕ್ತ ವಾಪಸು ಬಂತು. ನಿಜವಾದ ಚಕ್ರವನ್ನು ಆಮೇಲೆ ಹುಡುಕಿದರಾಯಿತು, ಮೊದಲು ಸಮಿತಿಯವರಿಗೆ ತಾನೇ ಹೇಳುತ್ತೇನೆ ಎಂದರು. ಸೊಸೆ ಚಕ್ರವನ್ನು ಕೈಯಲ್ಲೂ ಮುಟ್ಟಿಲ್ಲ ಎಂದು ಒಂದು ಹಾಳೆ ಟೈಪು ಮಾಡಿಸುತ್ತೇನೆ, ನೀವು ರುಜು ಹಾಕಿದರೆ ಸಾಕು ಎಂದರು. ಇನ್ನು ಮುದುಕರಿಗೂ ಎಲ್ಲ ಹೇಳಿಬಿಡುತ್ತೇನೆ, ಸಿಹಿಸುದ್ದಿಯ ಜೊತೆ ಕಹಿಯೂ ಇಳಿಯುತ್ತದೆ ಎನ್ನುತ್ತ ಹುಡುಗನಂತೆ ಓಡಿದರು.

ಸೊಸೆಯನ್ನು ಹಳೆಯ ಚಿತ್ರಪಟಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಕೂರಿಸಿದ್ದರು. ನಲವತ್ತರ ಹತ್ತಿರದ ಹೆಂಗಸು, ಬೆರಳ ತುದಿಯಲ್ಲಿ ಹಿತ್ತಾಳೆಯ ಹಸಿರು ಕರೆ. ಪತ್ತೇದಾರಮ್ಮ ನಡೆದದ್ದನ್ನು ಹೇಳಿ ಮುಗಿಸಿದಾಗ ಅವಳು ಎದ್ದು ಬಂದು ಆಕೆಯ ಎರಡೂ ಕೈಯನ್ನು ಹಣೆಗೆ ಒತ್ತಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ತನಗಾಗಿ ಇಷ್ಟು ಓಡಾಡಿದವರು ಮಾವನನ್ನು ಬಿಟ್ಟರೆ ನೀವೇ ಎಂದಳು. ಗಂಡ ಹೋದಾಗ ಎಲ್ಲರೂ ತವರಿಗೆ ಕಳಿಸಿ ಎಂದಿದ್ದರಂತೆ. ಮಾವ ಮಾತ್ರ, ಇವಳಿಗೆ ಕೈ ಇದೆ, ಕೆಲಸ ಕಲಿಸುತ್ತೇನೆ ಎಂದರಂತೆ. ಅವತ್ತಿನಿಂದ ತಿಂದ ಒಂದೊಂದು ತುತ್ತೂ ಅವರ ಋಣ ಎಂದಳು.

ಇಂಥ ಗಳಿಗೆಗಾಗಿಯೇ ಅಲ್ಲವೇ ಈ ಕೆಲಸ ಎಂದುಕೊಂಡು ಪತ್ತೇದಾರಮ್ಮ, ಹೊರಡೋಣ ಬಾ ಎಂದಳು.

ಸೊಸೆ ಹೊರಡಲಿಲ್ಲ.

“ಅಕ್ಕಾ, ನೀವು ಇಷ್ಟು ಮಾಡಿದ ಮೇಲೆ ನಿಮ್ಮ ಮುಖ ನೋಡಿ ಸುಳ್ಳು ಹೇಳಕ್ಕೆ ಆಗ್ತಿಲ್ಲ. ಚಕ್ರ ತೆಗೆದಿದ್ದು ನಾನೇ.”

ತುರುಬಿಗೆ ಕೈ ಹಾಕಿ ಬಿಚ್ಚಿದಳು. ಚೀಲ, ಜೇಬು, ಪೆಟ್ಟಿಗೆ ಎಲ್ಲ ತಡಕಿದವರು ಅಲ್ಲಿ ಮಾತ್ರ ನೋಡಿರಲಿಲ್ಲ. ಶೀಶೆಯ ಮುಚ್ಚಳದಷ್ಟಗಲದ ಚಕ್ರ. ಅದನ್ನು ಪತ್ತೇದಾರಮ್ಮನ ಅಂಗೈಯಲ್ಲಿಟ್ಟು, ಎಣಿಸಿ ಎಂದಳು.

ಎಣಿಸಿದಳು. ಐವತ್ತೆರಡು.

ಹಳೆಯ ಚಕ್ರ ಸವೆದಿತ್ತು ಎಂದು ಸೊಸೆ ಹೇಳಿದಳು. ಹೋದ ವರ್ಷ ಮಾವನೇ ಹಟ ಮಾಡಿ ಹೊಸದು ಕಡಿದರು. ಅವರ ತಟ್ಟೆಯಲ್ಲಿ ಐವತ್ತಮೂರರ ಸುತ್ತಿನ ಪಕ್ಕದಲ್ಲೇ ಐವತ್ತೆರಡರ ಸುತ್ತು ಇದೆ. ಮಂಜುಗಣ್ಣಿಗೆ ಕಾಣದೆ ಮೊಳೆ ಪಕ್ಕದ ಸುತ್ತಿಗೆ ಬಿತ್ತು. ದಿನಕ್ಕೊಂದೇ ಸುತ್ತು ತಿರುಗುವ ಯಂತ್ರದಲ್ಲಿ ಅದು ಯಾರಿಗೆ ಗೊತ್ತಾಗಬೇಕು? ಈ ವಾರ ಒರೆಸುವಾಗ ಇವಳ ಕೈಗೆ ಗೊತ್ತಾಯಿತು. ಇದರ ಮೇಲೆ ಓಡಿದರೆ ಶನಿ ಇನ್ನೂರಮೂರು ದಿನ ಮೊದಲೇ ಸುತ್ತು ಮುಗಿಸಿಬಿಡುತ್ತಾನೆ. ನಾಳೆ ಅದೇ ವಿದ್ವಾಂಸರ ಎದುರು, ಅದೇ ಫಲಕದ ಎದುರು.

“ಸದ್ದಿಲ್ಲದೆ ಸರಿಯಾದ್ದು ಕಡಿದು ಕೂರಿಸೋಣ ಅಂತಿದ್ದೆ. ಅಷ್ಟರಲ್ಲಿ ಖಾಲಿ ಜಾಗ ಕಂಡುಬಿಡ್ತು, ಕಾರ್ಯಾಗಾರಕ್ಕೆ ಬೀಗ ಬಿತ್ತು. ಐವತ್ತಮೂರು ಅಂತ ಬಾಯಿಬಿಟ್ಟಿದ್ರೆ ನಾನು ಉಳೀತಿದ್ದೆ. ಆದ್ರೆ ಎಲ್ಲರೂ ಅಲ್ಲಿಂದಾನೇ ಹಲ್ಲು ಎಣಿಸಕ್ಕೆ ಶುರುಮಾಡ್ತಿದ್ರು. ನನ್ನ ಹೆಸರು ಹೋದ್ರೆ ಹೋಗ್ಲಿ ಅಕ್ಕಾ, ಮಾವಂದು ಹೋಗಬಾರದು.”

ಅಷ್ಟರಲ್ಲಿ ಬಾಗಿಲು ತೆರೆಯಿತು. ಟೈಪು ಮಾಡಿದ ಹಾಳೆ ಹಿಡಿದ ಮುಖ್ಯಸ್ಥರು, ಅವರ ತೋಳು ಹಿಡಿದು ಮುದುಕರು. ಅವರ ಕೆನ್ನೆ ಒದ್ದೆಯಾಗಿತ್ತು.

“ಎಲ್ಲಿದ್ದೀಯಮ್ಮಾ ತಾಯಿ? ನನ್ನ ಸೊಸೆಯ ಮಾನ ಉಳಿಸಿದೆಯಂತೆ,” ಎನ್ನುತ್ತ ಅವರು ಮುಖ್ಯಸ್ಥರು ನಡೆಸಿದ ಕಡೆಗೆ ಕೈಚಾಚಿ ಬಂದು, ಪತ್ತೇದಾರಮ್ಮನ ಎರಡೂ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಆಕೆ ಮುಷ್ಟಿ ಬಿಗಿಯುವಷ್ಟರಲ್ಲಿ ತಡವಾಗಿತ್ತು. ಅವರ ಬೆರಳುಗಳು ಆಕೆಯ ಅಂಗೈಯಲ್ಲಿದ್ದ ಹಿತ್ತಾಳೆಯನ್ನು ಮುಟ್ಟಿ ನಿಂತವು, ಆಮೇಲೆ ಅದರ ಅಂಚನ್ನು ಸವರಿದವು.

ಮುದುಕರ ಮುಖ ಅರಳಿತು.

“ಇದು ನನ್ನ ಕೈಕೆಲಸ. ಅಂತೂ ಸಿಕ್ತಲ್ಲ, ಪುಣ್ಯಾತಗಿತ್ತಿ. ಯಾರ ಹತ್ರ ಇತ್ತು?” ಎಂದರು.

ಮುಖ್ಯಸ್ಥರು ರುಜುವಿಗೆಂದು ಚಾಚಿದ್ದ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು ಪತ್ತೇದಾರಮ್ಮನನ್ನೇ ನೋಡಿದರು.